ಒತ್ತಡದ ಆಮ್ಲಜನಕ ಚಿಕಿತ್ಸೆ: ರೋಗಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

ಸಕ್ಕರೆ ಕಾಯಿಲೆಯಿಂದ ಪಾದದ ಹುಣ್ಣು ತಿಂಗಳುಗಟ್ಟಲೆ ಮಾಯದೆ ಉಳಿದವರಿಗೆ, ಕ್ಯಾನ್ಸರಿನ ವಿಕಿರಣ ಚಿಕಿತ್ಸೆಯಾದ ಮೇಲೆ ದವಡೆಯ ಮೂಳೆ ಸಾಯುತ್ತಾ ಬಂದವರಿಗೆ, ಬೆಳಗಾಗುವಷ್ಟರಲ್ಲಿ ಒಂದು ಕಿವಿ ಕೇಳದಂತಾದವರಿಗೆ ವೈದ್ಯರು ಹೈಪರ್‌ಬಾರಿಕ್ ಆಕ್ಸಿಜನ್ ಚಿಕಿತ್ಸೆಯನ್ನು, ಅಂದರೆ ಒತ್ತಡ ಏರಿಸಿದ ಮುಚ್ಚಿದ ಕೋಣೆಯೊಳಗೆ (ಚೇಂಬರ್) ಶುದ್ಧ ಆಮ್ಲಜನಕ ಉಸಿರಾಡಿಸುವ ಚಿಕಿತ್ಸೆಯನ್ನು, ಸೂಚಿಸುವುದುಂಟು. ಮುಪ್ಪು ತಡೆಯಲು, ಚರ್ಮದ ಕಾಂತಿಗೆ, ಮಕ್ಕಳ ಆಟಿಸಂಗೆ ಎಂದು ವೆಲ್‌ನೆಸ್ ಸೆಂಟರ್‌ಗಳೂ ಇದನ್ನೇ ಪ್ಯಾಕೇಜ್ ಮಾಡಿ ಮಾರುತ್ತಿವೆ. ಇವೆರಡರ ನಡುವೆ ಸಿಕ್ಕಿಕೊಂಡ ಕುಟುಂಬಕ್ಕೆ ಎಲ್ಲಿಂದ ಶುರು ಮಾಡಬೇಕು, ಏನು ಕೇಳಬೇಕು, ಯಾವಾಗ ಬೇಡವೆನ್ನಬೇಕು ಎಂಬುದನ್ನು ತಿಳಿಸುವುದಕ್ಕಾಗಿ ಈ ಲೇಖನ. ಇಲ್ಲಿ ಆಮ್ಲಜನಕವೇ ಔಷಧಿ, ಆದ್ದರಿಂದ ಅದಕ್ಕೂ ಪ್ರಮಾಣವಿದೆ: ಒತ್ತಡ ಎಷ್ಟು, ಆಮ್ಲಜನಕ ಶೇಕಡಾ ಎಷ್ಟು, ಎಷ್ಟು ನಿಮಿಷ. ಈ ಮೂರನ್ನೂ ಬರೆದುಕೊಡಲಾರದ ಕಡೆ ಚಿಕಿತ್ಸೆ ಪಡೆಯಬಾರದು ಎಂಬುದು ನನ್ನ ಖಚಿತ ನಿಲುವು.

ತುರ್ತು ಸ್ಥಿತಿಯಾಗಿದ್ದರೆ ಮೊದಲು ಇದನ್ನು ಮಾಡಿ

ಗಾಳಿಯಾಡದ ಸಣ್ಣ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಚ್ಚಿಕೊಂಡು ಸ್ನಾನಕ್ಕೆ ಹೋದವರು ಒಳಗೇ ಪ್ರಜ್ಞೆ ತಪ್ಪಿ ಬಿದ್ದ ಸುದ್ದಿಯನ್ನು ಬೆಂಗಳೂರಿನವರು ಮತ್ತೆ ಮತ್ತೆ ಕೇಳಿರುತ್ತಾರೆ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದಾಗ ಆಗುವುದೂ ಇದೇ. ಇದು ಕಾರ್ಬನ್ ಮೊನಾಕ್ಸೈಡ್ ವಿಷ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ.

ಬಾಗಿಲು ಕಿಟಕಿಗಳನ್ನು ತೆರೆದು, ಗ್ಯಾಸ್ ನಿಲ್ಲಿಸಿ, ಬಿದ್ದವರನ್ನು ತಕ್ಷಣ ಬಯಲಿಗೆ ತನ್ನಿ. 108ಕ್ಕೆ ಕರೆ ಮಾಡಿ, ವಿಷಗಾಳಿಯ ಅನುಮಾನವಿದೆ ಎಂದೇ ಹೇಳಿ. ಆಸ್ಪತ್ರೆಯಲ್ಲಿ ಮಾಸ್ಕ್ ಮೂಲಕ ಪೂರ್ಣ ಪ್ರಮಾಣದ ಆಮ್ಲಜನಕ ಕೂಡಲೇ ಶುರುವಾಗಬೇಕು. ಮನೆಯವರು ಒಂದು ವಿಷಯವನ್ನು ಅಗತ್ಯವಾಗಿ ತಿಳಿದಿರಬೇಕು: ಬೆರಳಿಗೆ ಹಾಕುವ ಸಾಮಾನ್ಯ ಪಲ್ಸ್ ಆಕ್ಸಿಮೀಟರ್, ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಎಂದೇ ಓದುತ್ತದೆ. ಪರದೆಯ ಮೇಲೆ 98 ಎಂದು ಕಂಡರೂ ರೋಗಿಯ ಮೆದುಳು ಉಸಿರುಗಟ್ಟುತ್ತಿರಬಹುದು. ಆದ್ದರಿಂದ ಕಾರ್ಬಾಕ್ಸಿಹಿಮೋಗ್ಲೋಬಿನ್ ರಕ್ತಪರೀಕ್ಷೆ ಮಾಡುವಂತೆ ಕೇಳಿ.

ಸಾಮಾನ್ಯ ಗಾಳಿಯಲ್ಲಿ ಈ ವಿಷ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕದಲ್ಲಿ ಸುಮಾರು ಒಂದೂವರೆ ಗಂಟೆ ಸಾಕು, ಮೂರು ಪಟ್ಟು ಒತ್ತಡದ ಚೇಂಬರಿನಲ್ಲಿ ಇಪ್ಪತ್ತು ನಿಮಿಷದ ಆಸುಪಾಸು. ಪ್ರಜ್ಞೆ ತಪ್ಪಿದ್ದರೆ, ಗೊಂದಲವೋ ಎದೆನೋವೋ ಇದ್ದರೆ, ಗರ್ಭಿಣಿಯಾಗಿದ್ದರೆ ಚೇಂಬರಿನ ವಿಚಾರವನ್ನು ವೈದ್ಯರ ಮುಂದೆ ಎತ್ತಿ. ಸಾಧ್ಯವಾದಷ್ಟೂ ಮೊದಲ ಆರು ಗಂಟೆಗಳೊಳಗೆ ಅದು ತೀರ್ಮಾನವಾಗಬೇಕು. ಆದರೆ ಚೇಂಬರ್ ಹುಡುಕುವ ಧಾವಂತದಲ್ಲಿ ಮಾಸ್ಕ್ ತೆಗೆಯಬೇಡಿ. ಚೇತರಿಸಿಕೊಂಡು ಮನೆಗೆ ಬಂದ ಮೇಲೂ ಆರೇಳು ವಾರ ಮರೆವು, ಸ್ವಭಾವದಲ್ಲಿ ಬದಲಾವಣೆ, ನಡಿಗೆಯಲ್ಲಿ ತೊಡಕು ಕಾಣುತ್ತದೆಯೇ ಎಂದು ಗಮನಿಸುತ್ತಿರಿ, ಏಕೆಂದರೆ ಮೆದುಳಿನ ತೊಂದರೆ ತಡವಾಗಿಯೂ ತೋರಬಹುದು.

ಎರಡನೆಯ ತುರ್ತು ಮುಳುಗುಗಾರರದು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿದವರಿಗೆ ಮೇಲೆ ಬಂದ ನಂತರ ಕೀಲುನೋವು, ಮರಗಟ್ಟುವಿಕೆ, ತಲೆಸುತ್ತು, ಉಸಿರಾಟದ ತೊಂದರೆ ಕಾಣಿಸಿಕೊಂಡರೆ ಮಲಗಿಸಿ ಆಮ್ಲಜನಕ ಕೊಡಿಸಬೇಕು. ಘಟ್ಟ ಹತ್ತಿ ಬೆಂಗಳೂರಿಗೆ ಹೊರಡಬಾರದು, ವಿಮಾನವಂತೂ ಸಲ್ಲದು. ಎತ್ತರಕ್ಕೆ ಹೋದಷ್ಟೂ ಹೊರಗಿನ ಒತ್ತಡ ಕುಸಿದು ನೀರಿನ ಆಳದಲ್ಲಿ ದೇಹದೊಳಗೆ ಕರಗಿ ಮೇಲೆ ಬಂದಾಗ ಹೊರಬಿದ್ದ ಸಾರಜನಕದ ಗುಳ್ಳೆಗಳು ದೊಡ್ಡದಾಗುತ್ತವೆ. ಮುಳುಗುಗಾರರಿಗೆ ಬೇಕಾದ ಚೇಂಬರ್ ಚಿಕಿತ್ಸೆಯಲ್ಲಿ ಭಾರತೀಯ ನೌಕಾಪಡೆಗೆ ದೀರ್ಘ ಅನುಭವವಿದ್ದು, ಮುಂಬೈನ ಐಎನ್‌ಎಚ್‌ಎಸ್ ಅಶ್ವಿನಿ ಆಸ್ಪತ್ರೆ ಅದರ ಮುಖ್ಯ ಕೇಂದ್ರಗಳಲ್ಲಿ ಒಂದು.

ಚೇಂಬರಿನೊಳಗೆ ನಡೆಯುವುದೇನು

ಮೊಹರು ಮಾಡಿದ ಗೋಲಿ ಸೋಡಾದಲ್ಲಿ ಅನಿಲ ಕರಗಿ ಕುಳಿತಿರುವುದು ಒತ್ತಡದ ಬಲದಿಂದ. ರಕ್ತದಲ್ಲಿ ಆಮ್ಲಜನಕವನ್ನು ಕರಗಿಸಲು ಬಳಸುವುದೂ ಅದೇ ನಿಯಮವನ್ನು. ಆರೋಗ್ಯವಂತರ ಹಿಮೋಗ್ಲೋಬಿನ್ ಆಗಲೇ ಶೇಕಡಾ 97-98ರಷ್ಟು ತುಂಬಿರುವುದರಿಂದ ಅದಕ್ಕೆ ಇನ್ನಷ್ಟು ಹೊರಿಸಲು ಹೆಚ್ಚು ಜಾಗವಿಲ್ಲ. ಉಳಿದ ದಾರಿಯೆಂದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾ. ಸಾಮಾನ್ಯ ಗಾಳಿ ಉಸಿರಾಡುವಾಗ 100 ಮಿಲಿಲೀಟರ್ ರಕ್ತದಲ್ಲಿ ಕರಗಿರುವ ಆಮ್ಲಜನಕ ಸುಮಾರು 0.3 ಮಿಲಿಲೀಟರ್. ಮೂರು ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿದರೆ ಅದು ಹತ್ತಿರ ಹತ್ತಿರ 6 ಮಿಲಿಲೀಟರಿಗೆ ಏರುತ್ತದೆ, ಅಂದರೆ ವಿಶ್ರಾಂತಿಯಲ್ಲಿರುವ ದೇಹದ ಅಗತ್ಯಕ್ಕೆ ಸಾಲುವಷ್ಟು. 1960ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಶಸ್ತ್ರವೈದ್ಯ ಇಟೆ ಬೂರೆಮಾ ಹಂದಿಗಳ ಕೆಂಪು ರಕ್ತಕಣಗಳನ್ನು ಬಹುಪಾಲು ತೆಗೆದು, ಪ್ಲಾಸ್ಮಾದಂಥ ದ್ರವ ತುಂಬಿ, ಒತ್ತಡದ ಆಮ್ಲಜನಕದಲ್ಲಿ ಅವುಗಳನ್ನು ಬದುಕಿಸಿ ತೋರಿಸಿದ್ದು ಇದೇ ಲೆಕ್ಕದ ಮೇಲೆ.

ಸಮುದ್ರಮಟ್ಟದ ವಾತಾವರಣದ ಒತ್ತಡವನ್ನು 1 ಎಟಿಎ ಎನ್ನುತ್ತಾರೆ. ಆಸ್ಪತ್ರೆಯ ಚಿಕಿತ್ಸೆ ಬಹುತೇಕ 2ರಿಂದ 3 ಎಟಿಎ ನಡುವೆ, ಶೇಕಡಾ 100ರಷ್ಟು ಆಮ್ಲಜನಕದೊಂದಿಗೆ, ಒಂದೂವರೆಯಿಂದ ಎರಡು ಗಂಟೆ ನಡೆಯುತ್ತದೆ. 2 ಎಟಿಎ ಎಂದರೆ ಸಮುದ್ರದಲ್ಲಿ ಹತ್ತು ಮೀಟರ್ ಆಳದ ಒತ್ತಡ.

ನಿಮ್ಮ ಕಾಯಿಲೆಗೆ ಇದು ಒಪ್ಪಿತವೇ ಎಂದು ನೋಡಿ

ಅಮೆರಿಕದ ಅಂಡರ್‌ಸೀ ಅಂಡ್ ಹೈಪರ್‌ಬಾರಿಕ್ ಮೆಡಿಕಲ್ ಸೊಸೈಟಿ ಸಿದ್ಧಪಡಿಸಿರುವ ಪಟ್ಟಿಯನ್ನು ಜಗತ್ತಿನ ಬಹಳ ಕಡೆ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಕಾರ್ಬನ್ ಮೊನಾಕ್ಸೈಡ್ ವಿಷ, ಮುಳುಗುಗಾರರ ಕಾಯಿಲೆ, ರಕ್ತನಾಳಕ್ಕೆ ಗಾಳಿ ಹೊಕ್ಕಿರುವುದು, ಗ್ಯಾಸ್ ಗ್ಯಾಂಗ್ರೀನ್, ಮಾಂಸವನ್ನು ಕೊಳೆಸುತ್ತಾ ಹರಡುವ ಸೋಂಕು, ಜಜ್ಜಿಹೋದ ಕೈಕಾಲು, ಹಿಡಿಯದೆ ಕಪ್ಪಾಗುತ್ತಿರುವ ಚರ್ಮದ ಕಸಿ, ಔಷಧಿಗೆ ಬಗ್ಗದ ಮೂಳೆ ಸೋಂಕು, ವಿಕಿರಣದಿಂದ ತಡವಾಗಿ ಆಗುವ ಹಾನಿ, ಆಯ್ದ ಮಾಯದ ಹುಣ್ಣುಗಳು, ತೀವ್ರ ಸುಟ್ಟಗಾಯ, ಕಾರಣ ತಿಳಿಯದ ದಿಢೀರ್ ಕಿವುಡು ಮುಂತಾದವು ಅದರಲ್ಲಿವೆ. ಇವುಗಳಲ್ಲೂ ಬಹುಪಾಲು ಚೇಂಬರ್ ಪೂರಕ ಚಿಕಿತ್ಸೆ ಮಾತ್ರ. ಗ್ಯಾಂಗ್ರೀನಿಗೆ ಶಸ್ತ್ರಚಿಕಿತ್ಸೆ ಮತ್ತು ಆ್ಯಂಟಿಬಯಾಟಿಕ್ ಬಿಟ್ಟು ಚೇಂಬರಿಗೆ ಹೋಗುವುದು ಜೀವಕ್ಕೇ ಅಪಾಯ.

ದಿಢೀರ್ ಕಿವುಡಿನ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಕಿವಿಯಲ್ಲಿ ಗುಗ್ಗೆ ಕಟ್ಟಿಕೊಂಡಿರಬಹುದು, ಶೀತವಿರಬಹುದು ಎಂದು ಜನ ದಿನ ದೂಡುತ್ತಾರೆ. ಸ್ಟೀರಾಯ್ಡ್ ಜೊತೆಗೆ ಈ ಚಿಕಿತ್ಸೆ ಮೊದಲ ಎರಡು ವಾರದೊಳಗೆ ಶುರುವಾದರೆ ಫಲ ಸಿಗುವ ಸಾಧ್ಯತೆ ಹೆಚ್ಚು, ತಿಂಗಳು ಕಳೆದ ಮೇಲೆ ಆಸೆ ಬಹಳ ಕಡಿಮೆ. ಒಂದು ಕಿವಿ ಇದ್ದಕ್ಕಿದ್ದಂತೆ ಮಂಕಾದರೆ ಅಂದೇ ಇಎನ್‌ಟಿ ವೈದ್ಯರಲ್ಲಿಗೆ ಹೋಗಿ.

ಪಾದದ ಹುಣ್ಣಿಗಾಗಿ ಹೋಗುವವರು ಹೋಗುವ ಮುನ್ನ ಮುಗಿಸಬೇಕಾದ ಕೆಲಸ

ನಮ್ಮಲ್ಲಿ ಚೇಂಬರಿನ ಮಾತು ಹೆಚ್ಚಾಗಿ ಬರುವುದು ಸಕ್ಕರೆ ಕಾಯಿಲೆಯ ಪಾದಕ್ಕೆ, ಹೆಚ್ಚು ಹಣ ವ್ಯರ್ಥವಾಗುವುದೂ ಅಲ್ಲಿಯೇ ಎಂದು ನನಗನ್ನಿಸುತ್ತದೆ. ಸ್ವೀಡನ್ನಿನಲ್ಲಿ 94 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ಕೊನೆಗೆ ಹುಣ್ಣು ಪೂರ್ತಿ ಮಾಯ್ದವರು ಚೇಂಬರಿನ ಗುಂಪಿನಲ್ಲಿ ಶೇಕಡಾ 52, ಬರೀ ಒತ್ತಡದ ಗಾಳಿ ಪಡೆದವರಲ್ಲಿ ಶೇಕಡಾ 29. 2016ರಲ್ಲಿ ಕೆನಡಾದಿಂದ ಬಂದ, ನೂರಕ್ಕಿಂತ ತುಸು ಹೆಚ್ಚು ರೋಗಿಗಳ ಅಧ್ಯಯನದಲ್ಲಿ ಕಾಲು ಕತ್ತರಿಸಬೇಕಾದ ಸಂಭವ ಕಡಿಮೆಯಾಗಲಿಲ್ಲ. ಅಂದರೆ ಫಲ ಸಿಗುವುದು ಎಲ್ಲರಿಗಲ್ಲ, ಸರಿಯಾಗಿ ಆಯ್ದವರಿಗೆ. ಆ ಆಯ್ಕೆಯ ಕ್ರಮ ಹೀಗಿರಬೇಕು.

ಮೊದಲು ಕಾಲಿನ ರಕ್ತಸಂಚಾರ ಪರೀಕ್ಷೆಯಾಗಬೇಕು, ರಕ್ತನಾಳದ ಸ್ಕ್ಯಾನ್ ಆದ ಡಾಪ್ಲರ್ ಮಾಡಿಸಬೇಕು. ದೊಡ್ಡ ರಕ್ತನಾಳವೇ ಕಟ್ಟಿಕೊಂಡಿದ್ದರೆ ಅದನ್ನು ಆಂಜಿಯೋಪ್ಲಾಸ್ಟಿಯಿಂದಲೋ ಬೈಪಾಸ್‌ನಿಂದಲೋ ತೆರೆಸಬೇಕು. ರಕ್ತವೇ ತಲುಪದ ಕಡೆಗೆ ರಕ್ತದಲ್ಲಿ ಕರಗಿದ ಆಮ್ಲಜನಕವೂ ತಲುಪುವುದಿಲ್ಲ. ಎರಡನೆಯದಾಗಿ, ಸತ್ತ ಮಾಂಸವನ್ನು ಕತ್ತರಿಸಿ ಶುಚಿಗೊಳಿಸಿ, ಮೂಳೆಗೆ ಸೋಂಕು ಇಳಿದಿದೆಯೇ ಎಂದು ಎಕ್ಸ್‌ರೇ ಅಥವಾ ಎಂಆರ್‌ಐ ಮಾಡಿಸಬೇಕು. ಮೂರನೆಯದು ಪಾದದ ಮೇಲಿನ ಭಾರ ಇಳಿಸುವುದು. ಬೆಳಿಗ್ಗೆ ಚೇಂಬರಿನಲ್ಲಿ ಕುಳಿತು ಬಂದವರು ಮಧ್ಯಾಹ್ನ ಅದೇ ಹುಣ್ಣಿನ ಮೇಲೆ ಕಾಲೂರಿ ಮನೆತುಂಬ ಓಡಾಡಿದರೆ ಚೇಂಬರಿನಿಂದ ಏನೂ ಆಗದು. ಹುಣ್ಣಿರುವಾಗ ಪ್ಲಾಸ್ಟರ್ ಕ್ಯಾಸ್ಟ್ ಅಥವಾ ಭಾರ ತಗ್ಗಿಸುವ ಬೂಟು ಬೇಕು, ಮಾಯ್ದ ಮೇಲೆ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿಯನ್ನು ಮನೆಯೊಳಗೂ ಹಾಕಿಕೊಳ್ಳಬೇಕು. ದೇವರ ಮನೆಗೆ, ಅಡುಗೆಮನೆಗೆ ಬರಿಗಾಲಲ್ಲೇ ಹೋಗುವ ಹಿರಿಯರಿಗೆ ಇದನ್ನು ಒಪ್ಪಿಸುವುದು ಕಷ್ಟ. ಒಳಗೆ ಹಾಕಿಕೊಳ್ಳಲೆಂದೇ ಬೇರೆ ಜೊತೆ ಕೊಡಿಸಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಬೀಡಿ, ಸಿಗರೇಟು, ತಂಬಾಕು ಬಿಡಲೇಬೇಕು, ಸಕ್ಕರೆ ಹತೋಟಿಗೆ ಬರಬೇಕು.

ಇಷ್ಟೆಲ್ಲವನ್ನೂ ಒಂದು ತಿಂಗಳು ಸರಿಯಾಗಿ ಮಾಡಿಯೂ ಹುಣ್ಣು ಮಾಯುವುದು ಮುಂದುವರಿಯದೆ ನಿಂತಿದ್ದರೆ, ಮತ್ತು ಅದು ಆಳಕ್ಕಿಳಿದು ಸ್ನಾಯು, ಕೀಲು, ಮೂಳೆಯನ್ನು ಮುಟ್ಟಿದ್ದರೆ ಆಗ ಚೇಂಬರಿನ ಸರದಿ. ಅಮೆರಿಕದ ಸರ್ಕಾರಿ ವಿಮೆಯಾದ ಮೆಡಿಕೇರ್ ಹಣ ಕೊಡಲು ಇಟ್ಟಿರುವ ಷರತ್ತೂ ಹೆಚ್ಚುಕಡಿಮೆ ಇದೇ. ಹುಣ್ಣಿನ ಸುತ್ತಲಿನ ಚರ್ಮದ ಮೇಲೆ ಸೆನ್ಸರ್ ಅಂಟಿಸಿ ಆಮ್ಲಜನಕ ಅಳೆಯುವ ಪರೀಕ್ಷೆಯ ಸೌಲಭ್ಯವಿದ್ದರೆ ಅದನ್ನು ಮಾಡಿಸಿ. ಚೇಂಬರಿನೊಳಗೆ ಆಮ್ಲಜನಕ ಕೊಟ್ಟಾಗಲೂ ಅಲ್ಲಿನ ಅಂಕಿ ಏರದಿದ್ದರೆ ನಲವತ್ತು ಸಿಟ್ಟಿಂಗಿನ (ಚೇಂಬರಿನೊಳಗೆ ಒಮ್ಮೆ ಕೂರುವುದೇ ಒಂದು ಸಿಟ್ಟಿಂಗ್) ಖರ್ಚನ್ನು ಉಳಿಸಬಹುದು.

ವೈದ್ಯರ ಮುಂದೆ ಮುಚ್ಚಿಡಬಾರದ ಸಂಗತಿಗಳು

ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶ ಕುಸಿದಿದ್ದು ಅದಕ್ಕೆ ಚಿಕಿತ್ಸೆಯಾಗಿಲ್ಲದಿದ್ದರೆ ಚೇಂಬರಿನೊಳಗೆ ಹೋಗಲೇಬಾರದು. ಹಳೆಯ ಕ್ಷಯ, ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ), ಅಸ್ತಮಾ, ಎದೆಯ ಆಪರೇಷನ್ ಆಗಿದ್ದರೆ ತಪ್ಪದೆ ಹೇಳಿ. ಮೊದಲಿಗೆ ಎದೆಯ ಎಕ್ಸ್‌ರೇ ಮಾಡಿಸದ ಕೇಂದ್ರವನ್ನು ನಂಬಬೇಡಿ. ಫಿಟ್ಸ್, ಹೃದಯ ವೈಫಲ್ಯ, ಪೇಸ್‌ಮೇಕರ್, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭ, ಮುಚ್ಚಿದ ಜಾಗದ ಭಯ ಇವೂ ಮುಖ್ಯ. ಔಷಧಿಗಳಲ್ಲಿ ಕ್ಯಾನ್ಸರಿಗೆ ಕೊಡುವ ಬ್ಲಿಯೋಮೈಸಿನ್, ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್ ಹಾಗೂ ಮದ್ಯ ಬಿಡಿಸಲು ಕೊಡುವ ಡೈಸಲ್ಫಿರಾಂ ಈ ಚಿಕಿತ್ಸೆಯೊಂದಿಗೆ ತೊಂದರೆ ಕೊಡಬಲ್ಲವು. ಬ್ಲಿಯೋಮೈಸಿನ್ ಪಡೆದು ವರ್ಷಗಳಾಗಿದ್ದರೂ ತಿಳಿಸಿ. ಡೈಸಲ್ಫಿರಾಂ ವಿಷಯ ಹೇಳಲು ಸಂಕೋಚವಾಗುವುದು ಸಹಜ, ಆದರೂ ಹೇಳಿ.

ಆರೋಗ್ಯವರ್ಧನೆಯ ಪ್ಯಾಕೇಜ್ ಕೊಳ್ಳುವ ಮೊದಲು

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಷ್ಟು ಹಿಂದೆಯೇ ಆಟಿಸಂ, ಕ್ಯಾನ್ಸರ್, ಆಲ್‌ಝೈಮರ್ಸ್, ಪಾರ್ಕಿನ್‌ಸನ್ಸ್ ಮುಂತಾದ ಕಾಯಿಲೆಗಳಿಗೆ ಈ ಚಿಕಿತ್ಸೆ ಪರಿಣಾಮಕಾರಿಯೆಂದು ಸಾಬೀತಾಗಿಲ್ಲ ಎಂದು ಸಾರ್ವಜನಿಕರನ್ನು ಎಚ್ಚರಿಸಿತ್ತು. ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಕೈಕಾಲಿನ ಚಲನೆ ಕುಂದುವ ತೊಂದರೆ) ಇರುವ 111 ಮಕ್ಕಳ ಮೇಲೆ ಕೆನಡಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒತ್ತಡದ ಆಮ್ಲಜನಕ ಪಡೆದವರೂ, ಕೇವಲ ತುಸು ಒತ್ತಡದ ಗಾಳಿ ಪಡೆದವರೂ ಒಂದೇ ಸಮನಾಗಿ ಸುಧಾರಿಸಿದರು. ಮಗುವಿಗಾಗಿ ಏನನ್ನಾದರೂ ಮಾಡಲು ಸಿದ್ಧವಿರುವ ತಂದೆತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ, ಆ ಸಂಕಟವನ್ನೇ ಗುರಿಯಾಗಿಸಿದ ಜಾಹೀರಾತು ಕಂಡಾಗ ಸಿಟ್ಟೂ ಬರುತ್ತದೆ. ಅದೇ ಹಣ ಫಿಸಿಯೋಥೆರಪಿಗೆ, ಸ್ಪೀಚ್ ಥೆರಪಿಗೆ ಹೋದರೆ ಮಗುವಿಗೆ ದಕ್ಕುತ್ತದೆ.

ಮುಪ್ಪು ಹಿಮ್ಮೆಟ್ಟುತ್ತದೆ ಎಂಬ ಮಾತಿಗೆ ಆಧಾರವಾಗಿ ತೋರಿಸುವುದು 2020ರಲ್ಲಿ ಇಸ್ರೇಲಿನಿಂದ ಬಂದ, 35 ಹಿರಿಯರ ಮೇಲಿನ ಅಧ್ಯಯನವನ್ನು. ಅದರಲ್ಲಿ ಹೋಲಿಸಿ ನೋಡಲು ಚಿಕಿತ್ಸೆ ಪಡೆಯದ ಗುಂಪು ಇರಲಿಲ್ಲ. ಅಳೆದದ್ದು ವಯಸ್ಸಾದಂತೆ ಮೊಟಕಾಗುವ, ರಕ್ತಕಣಗಳ ವರ್ಣತಂತುಗಳ ತುದಿಯ ಉದ್ದವನ್ನೇ ಹೊರತು ಆಯುಷ್ಯವನ್ನಲ್ಲ. ಮೇಲಾಗಿ ಅಲ್ಲಿ ಬಳಸಿದ್ದು 2 ಎಟಿಎ ಒತ್ತಡದ ಗಟ್ಟಿ ಚೇಂಬರನ್ನು, ವೆಲ್‌ನೆಸ್ ಸೆಂಟರಿನಲ್ಲಿ ಚೇಂಬರ್ ಎಂದು ತೋರಿಸುವ, ಗಾಳಿ ತುಂಬಿ ಜಿಪ್ ಹಾಕುವ ಚೀಲವನ್ನಲ್ಲ.

ಆ ಮೆತ್ತನೆಯ ಚೀಲದ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಅದರ ಒತ್ತಡ 1.3 ಎಟಿಎ, ಒಳಗಿರುವುದು ಶೇಕಡಾ 21 ಆಮ್ಲಜನಕದ ಗಾಳಿ. ಗುಣಿಸಿದರೆ 27, ಅಂದರೆ ಚೀಲವಿಲ್ಲದೆ ಶೇಕಡಾ 27ರ ಆಮ್ಲಜನಕ ಉಸಿರಾಡಿದಷ್ಟು. ಆಸ್ಪತ್ರೆಯ ವಾರ್ಡಿನಲ್ಲಿ ಮೂಗಿಗೆ ಸಣ್ಣ ನಳಿಕೆ ಇಟ್ಟು ನಿಮಿಷಕ್ಕೆ ಎರಡು ಲೀಟರ್ ಆಮ್ಲಜನಕ ಬಿಟ್ಟಾಗ ಸಿಗುವುದೂ ಇಷ್ಟೇ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಹೊರಗಿನ ಒತ್ತಡವೇ ಸುಮಾರು 0.9 ಎಟಿಎ ಆದ್ದರಿಂದ, ಸುತ್ತಲಿನದಕ್ಕಿಂತ 0.3ರಷ್ಟು ಹೆಚ್ಚು ಉಬ್ಬುವ ಚೀಲ ಇಲ್ಲಿ 1.2ನ್ನಷ್ಟೇ ಮುಟ್ಟುತ್ತದೆ.

ಕೇಂದ್ರವನ್ನು ಹೇಗೆ ಆರಿಸುವುದು

ಆಸ್ಪತ್ರೆಯ ಒಳಗೋ ಪಕ್ಕದಲ್ಲೋ ಇರುವ, ಚಿಕಿತ್ಸೆ ನಡೆಯುವಷ್ಟು ಹೊತ್ತೂ ತರಬೇತಿ ಪಡೆದ ವೈದ್ಯರು ಅಲ್ಲೇ ಇರುವ ಕೇಂದ್ರವೇ ಬೇಕು. ಒಬ್ಬರೇ ಮಲಗುವ ಪಾರದರ್ಶಕ ಕೊಳವೆಯಾಕಾರದ ಚೇಂಬರ್ ಒಂದು ಬಗೆ. ಹಲವರು ಕುಳಿತು ಮಾಸ್ಕ್ ಅಥವಾ ಹುಡ್ ಮೂಲಕ ಆಮ್ಲಜನಕ ಪಡೆಯುವ, ಒಳಗೆ ನರ್ಸ್ ಇರುವ ಕೋಣೆ ಇನ್ನೊಂದು ಬಗೆ. ತೀರಾ ಅಸ್ವಸ್ಥರಿಗೆ ಎರಡನೆಯದು ಅನುಕೂಲ. ಬೆಂಕಿಯ ಬಗ್ಗೆ ನೇರವಾಗಿ ಕೇಳಿ: ನಂದಿಸುವ ವ್ಯವಸ್ಥೆ ಏನು, ತುರ್ತಾಗಿ ಒತ್ತಡ ಇಳಿಸಲು ಎಷ್ಟು ಹೊತ್ತು ಬೇಕು, ಒಂಟಿ ಚೇಂಬರಿನಲ್ಲಿ ಮೈಯಲ್ಲಿ ಸೇರುವ ಸ್ಥಿರವಿದ್ಯುತ್ತು ಕಿಡಿಯಾಗದಂತೆ ನೆಲಕ್ಕಿಳಿಸುವ ಗ್ರೌಂಡಿಂಗ್ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟುತ್ತಾರೆಯೇ. 1997ರಲ್ಲಿ ಇಟಲಿಯ ಮಿಲಾನಿನ ಆಸ್ಪತ್ರೆಯೊಂದರ ಚೇಂಬರಿಗೆ ಬೆಂಕಿ ಬಿದ್ದು ಹನ್ನೊಂದು ಮಂದಿ ಸತ್ತರು. 2025ರ ಜನವರಿ 31ರಂದು ಅಮೆರಿಕದ ಮಿಷಿಗನ್ ರಾಜ್ಯದ ಖಾಸಗಿ ಕೇಂದ್ರವೊಂದರಲ್ಲಿ ಐದು ವರ್ಷದ ಬಾಲಕ ಚೇಂಬರಿನೊಳಗೇ ಸುಟ್ಟು ತೀರಿಕೊಂಡ. ಶುದ್ಧ ಆಮ್ಲಜನಕದಲ್ಲಿ ಒಂದು ಕಿಡಿ ಸಾಕು, ಹೊರಗಿನವರು ಬಾಗಿಲು ತೆರೆಯುವಷ್ಟು ಸಮಯ ಸಿಗುವುದಿಲ್ಲ.

ಹಣದ ವಿಷಯವನ್ನೂ ಮೊದಲೇ ಬಿಡಿಸಿಕೊಳ್ಳಿ. ಎಷ್ಟೋ ಪಾಲಿಸಿಗಳಲ್ಲಿ ಈ ಚಿಕಿತ್ಸೆ ಹೊರಗಿಟ್ಟವುಗಳ ಪಟ್ಟಿಯಲ್ಲಿರುತ್ತದೆ, ಅಡ್ಮಿಟ್ ಆಗದೆ ಪಡೆದರೆ ಕ್ಲೇಮ್ ಕೊಡದವೂ ಇವೆ. ವಿಮಾ ಕಂಪನಿಯಿಂದ ಉತ್ತರವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. ನಲವತ್ತು ಸಿಟ್ಟಿಂಗಿಗೆ ಮುಂಗಡ ಕಟ್ಟಬೇಡಿ.

ಸಿಟ್ಟಿಂಗಿನ ದಿನ

ತಲೆಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ನೋವಿನ ಬಾಮು, ವ್ಯಾಸಲೀನ್, ಕ್ರೀಮು, ಸೆಂಟು, ಹೇರ್ ಸ್ಪ್ರೇ, ಉಗುರುಬಣ್ಣ ಯಾವುದೂ ಬೇಡ. ಎಣ್ಣೆ ಮತ್ತು ಪೆಟ್ರೋಲಿಯಂ ಪದಾರ್ಥಗಳು ಆಮ್ಲಜನಕದಲ್ಲಿ ಸುಲಭವಾಗಿ ಹೊತ್ತಿಕೊಳ್ಳುತ್ತವೆ. ಕೇಂದ್ರದವರು ಕೊಡುವ ಶುದ್ಧ ಹತ್ತಿಯ ಬಟ್ಟೆಯನ್ನೇ ತೊಡಿ, ಪಾಲಿಯೆಸ್ಟರ್, ನೈಲಾನ್, ಉಣ್ಣೆಯವುಗಳನ್ನು ಬಿಚ್ಚಿಡಿ. ಮೊಬೈಲ್, ಸ್ಮಾರ್ಟ್ ವಾಚ್, ಶ್ರವಣಯಂತ್ರ, ಬೆಂಕಿಪೊಟ್ಟಣ, ಲೈಟರ್ ಒಳಗೆ ಹೋಗಬಾರದು. ಒಡವೆಗಳನ್ನೂ ತೆಗೆಯಿಸುತ್ತಾರೆ, ತಾಳಿ ತೆಗೆಯಲು ಮನಸ್ಸೊಪ್ಪದವರು ಮೊದಲ ದಿನವೇ ಸಿಬ್ಬಂದಿಗೆ ತಿಳಿಸಿ ಅವರ ನಿಯಮವೇನೆಂದು ಕೇಳಿಕೊಳ್ಳಿ. ಪ್ರತಿ ಸಲವೂ ಸಿಬ್ಬಂದಿ ತಡಕಿ ನೋಡಿದರೆ ಬೇಸರ ಪಡಬೇಡಿ, ನೋಡದಿದ್ದರೆ ಎದ್ದು ಬನ್ನಿ.

ಸಕ್ಕರೆ ಕಾಯಿಲೆಯವರು ತಿಂಡಿ ತಿಂದು ಹೋಗಬೇಕು. ಒಳಗೆ ರಕ್ತದ ಸಕ್ಕರೆ ಇಳಿಯುವುದುಂಟು. ಹಾಗಾಗಿ ಮೊದಲೂ ಆಮೇಲೂ ಪರೀಕ್ಷಿಸುತ್ತಾರೆ, ತೀರಾ ಕೆಳಗಿದ್ದರೆ ಏನಾದರೂ ತಿನ್ನಿಸಿ ಕಾಯಿಸುತ್ತಾರೆ. ನೆಗಡಿ, ಜ್ವರ ಇದ್ದರೆ ಹೋಗುವ ಮುಂಚೆಯೇ ಫೋನ್ ಮಾಡಿ ತಿಳಿಸಿ.

ಬಾಗಿಲು ಮುಚ್ಚಿ ಒತ್ತಡ ಏರತೊಡಗಿದಾಗ ಗಾಳಿ ನುಗ್ಗುವ ಸದ್ದಾಗುತ್ತದೆ, ಒಳಗೆ ತುಸು ಸೆಕೆಯಾಗುತ್ತದೆ, ಕಿವಿಯ ಪರದೆ ಒಳಕ್ಕೆ ಒತ್ತಿದಂತಾಗುತ್ತದೆ. ಘಟ್ಟ ಇಳಿಯುವಾಗ ಆಗುವ ಅನುಭವವೇ, ಆದರೆ ಅದಕ್ಕಿಂತ ಜೋರು. ಆಗ ಎಂಜಲು ನುಂಗಿ, ದವಡೆಯಾಡಿಸಿ, ಇಲ್ಲವೇ ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದಿ. ಟಪ್ಪೆಂದು ಕಿವಿ ಬಿಟ್ಟುಕೊಳ್ಳುತ್ತದೆ. ನೋವಾಗುವ ತನಕ ಕಾಯಬೇಡಿ, ಬಿಗಿತ ಶುರುವಾದ ಕೂಡಲೇ ಇದನ್ನು ಮಾಡಿ. ಬಿಟ್ಟುಕೊಳ್ಳದಿದ್ದರೆ ಕೈಯೆತ್ತಿ ನಿಲ್ಲಿಸಲು ಹೇಳಿ. ಸಹಿಸಿಕೊಂಡು ಸುಮ್ಮನಿದ್ದವರ ಕಿವಿಯ ಪರದೆಯಲ್ಲಿ ರಕ್ತ ಕಟ್ಟಬಹುದು, ಪರದೆ ಹರಿಯಲೂಬಹುದು. ಈ ಚಿಕಿತ್ಸೆಯಲ್ಲಿ ಅತಿ ಸಾಮಾನ್ಯ ತೊಂದರೆ ಕಿವಿಯದೇ. ಒತ್ತಡ ಇಳಿಸುವಾಗ ಸಹಜವಾಗಿ ಉಸಿರಾಡುತ್ತಿರಿ, ಉಸಿರು ಕಟ್ಟಿ ಹಿಡಿಯಬೇಡಿ, ಏಕೆಂದರೆ ಹಿಗ್ಗುವ ಗಾಳಿ ಶ್ವಾಸಕೋಶವನ್ನು ಸೀಳಬಲ್ಲದು. ಅತಿ ಅಪರೂಪಕ್ಕೆ ಆಮ್ಲಜನಕದ ಅತಿಪ್ರಮಾಣದಿಂದ ಫಿಟ್ಸ್ ಬರುತ್ತದೆ. ತುಟಿ ಅದುರುವುದು, ವಾಕರಿಕೆ, ಕಿವಿಯಲ್ಲಿ ಮೊರೆತ, ಕಣ್ಣು ಮಂಜಾಗುವುದು ಅದರ ಮುನ್ಸೂಚನೆ, ಕಂಡ ತಕ್ಷಣ ಹೇಳಿ. ನಡುನಡುವೆ ಐದು ನಿಮಿಷ ಸಾದಾ ಗಾಳಿ ಕೊಡುವುದು ಇದನ್ನು ತಪ್ಪಿಸಲೆಂದೇ.

ವಾರಗಳು ಸಾಗಿದಂತೆ

ಹುಣ್ಣಿಗಾಗಿ ಹೋಗುತ್ತಿದ್ದರೆ ವಾರಕ್ಕೊಮ್ಮೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದೇ ಕೋನದಿಂದ ಫೋಟೊ ತೆಗೆಯಿರಿ, ಡ್ರೆಸ್ಸಿಂಗ್ ಮಾಡುವವರಿಗೂ ವೈದ್ಯರಿಗೂ ತೋರಿಸಿ. ವಾರಕ್ಕೆ ಐದು ದಿನದಂತೆ ಮೂವತ್ತರಿಂದ ನಲವತ್ತು ಸಿಟ್ಟಿಂಗ್ ಸಾಮಾನ್ಯ, ಆದರೆ ತಿಂಗಳಾದರೂ ಹುಣ್ಣಿನ ಅಳತೆ ಕಡಿಮೆಯಾಗದಿದ್ದರೆ, ಕೆಂಪು ಮಾಂಸ ಬೆಳೆಯದಿದ್ದರೆ ಮುಂದುವರಿಸುವುದೇಕೆ ಎಂದು ವಿನಯದಿಂದಲೇ ಕೇಳಿ. ಎದೆನೋವು, ಉಸಿರಾಟದ ಕಷ್ಟ, ಕಿವಿಯಿಂದ ರಕ್ತ ಕಂಡರೆ ಮರುದಿನದ ತನಕ ಕಾಯಬಾರದು.

ಸಿಟ್ಟಿಂಗ್‌ಗಳು ಇಪ್ಪತ್ತು ದಾಟಿದ ಮೇಲೆ ಹಲವರಿಗೆ ದೂರದ ವಸ್ತು ಮಸುಕಾಗುತ್ತದೆ. ಕೆಲವರಿಗೆ ಓದುವ ಕನ್ನಡಕವೇ ಬೇಡವೆನಿಸಿ ಕಣ್ಣು ಸುಧಾರಿಸಿತೆಂದು ಖುಷಿಯೂ ಆಗುತ್ತದೆ. ಆಮ್ಲಜನಕ ಕಣ್ಣಿನ ಮಸೂರದ ಮೇಲೆ ಮಾಡುವ ತಾತ್ಕಾಲಿಕ ಬದಲಾವಣೆ ಅದು, ಚಿಕಿತ್ಸೆ ಮುಗಿದು ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ಹಿಂದಿನಂತೆ ಆಗುತ್ತದೆ. ಮೊದಲೇ ಪೊರೆ ಇದ್ದವರಿಗೆ ಅದು ಬೇಗ ಬಲಿಯಬಹುದಾದ್ದರಿಂದ ಶುರುವಿನಲ್ಲಿ ಒಮ್ಮೆ, ಮುಗಿದ ಮೇಲೆ ಒಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿ. ಹೊಸ ಕನ್ನಡಕ ಮಾಡಿಸುವುದನ್ನು ಕೊನೆಯ ಸಿಟ್ಟಿಂಗಿನಿಂದ ಎರಡು ಮೂರು ತಿಂಗಳು ಮುಂದಕ್ಕೆ ಹಾಕಿ. ಅಲ್ಲಿಯವರೆಗೆ ರಾತ್ರಿ ಹೊತ್ತು ಗಾಡಿ ಓಡಿಸಬೇಡಿ.